ಇಳಿಜಾರಿನ ಲೆಕ್ಕ ಎಲ್ಲಿ ಜಾರುತ್ತದೆ? ಲಕ್ಷಣ ನೋಡಿ ತಪ್ಪು ಹಿಡಿಯುವ ಕೈಪಿಡಿ

ಮಡಿಕೇರಿಯಲ್ಲಿ ಮಟ್ಟಸವಾದ ಜಾಗ ಸಿಗುವುದೇ ಕಡಿಮೆ. ಮನೆಯಿಂದ ಕಾಲೇಜಿಗೆ ಇಳಿತ, ಕಾಲೇಜಿನಿಂದ ಮನೆಗೆ ಏರು. ಇಳಿಜಾರು ಅಂದರೆ ಏನು ಅಂತ ಇಲ್ಲಿನ ಮಕ್ಕಳ ಕಾಲಿಗೆ ಪಾಠಕ್ಕಿಂತ ಮೊದಲೇ ಗೊತ್ತಿರುತ್ತದೆ. ಆದರೂ ಪ್ರಥಮ ಪಿಯುಸಿಯಲ್ಲಿ ಬಲಗಳ ಪಾಠ ಬಂತು ಅಂದರೆ, ನನ್ನ ಹತ್ತಿರ ಟ್ಯೂಷನ್‌ಗೆ ಬರುವ ಬಹಳ ಮಕ್ಕಳು ಇದೇ ಇಳಿಜಾರಿನಲ್ಲಿ ಎಡವುತ್ತಾರೆ. "ಸರ್, ಸೂತ್ರ ಸರಿಯಾಗೇ ಹಾಕಿದೀನಿ, ಉತ್ತರ ಮಾತ್ರ ಬರ್ತಿಲ್ಲ" ಅನ್ನುತ್ತಾರೆ. ಎಷ್ಟೋ ಸಲ ಅವರು ಹೇಳುವುದು ನಿಜ. ಸೂತ್ರ ಸರಿಯಾಗಿಯೇ ಇರುತ್ತದೆ. ತಪ್ಪು ಅದಕ್ಕಿಂತ ಮೊದಲು, ಚಿತ್ರದಲ್ಲಿ ಆಗಿರುತ್ತದೆ.

ಜೀಪ್ ಸ್ಟಾರ್ಟ್ ಆಗದಿದ್ದರೆ ಒಳ್ಳೆಯ ಮೆಕ್ಯಾನಿಕ್ ಮೊದಲೇ ಎಂಜಿನ್ ಬಿಚ್ಚುವುದಿಲ್ಲ. ಡೀಸೆಲ್ ಇದೆಯಾ, ಬ್ಯಾಟರಿ ವೈರ್ ಸಡಿಲ ಆಗಿದೆಯಾ ಅಂತ ನೋಡುತ್ತಾನೆ. ಇಲ್ಲೂ ಹಾಗೇ ಮಾಡೋಣ. ಕಣ್ಣಿಗೆ ಕಾಣುವ ಲಕ್ಷಣದಿಂದ ಶುರು ಮಾಡಿ, ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಒಂದು ಚೀಲ ಕಾಫಿ. ನಮ್ಮಲ್ಲಿ ರೇಟು ಹೇಳುವುದೇ 50 ಕೆ.ಜಿ. ಚೀಲಕ್ಕೆ ಅಲ್ವಾ, ಹಾಗಾಗಿ 50 ಕೆ.ಜಿ. ಅದರ ಭಾರ, ಅಂದರೆ ಎಂಜಿ, ದ್ರವ್ಯರಾಶಿ (ಎಂ) 50ನ್ನು ಗುರುತ್ವ ವೇಗೋತ್ಕರ್ಷ (ಜಿ) 9.8ರಿಂದ ಗುಣಿಸಿದರೆ 490 ನ್ಯೂಟನ್. ಪಿಕಪ್ ಗಾಡಿಯ ಹಿಂಭಾಗ ನೆಲದಿಂದ 0.8 ಮೀಟರ್ ಎತ್ತರ ಇದೆ ಅಂದುಕೊಳ್ಳಿ. ಅದಕ್ಕೆ 2.4 ಮೀಟರ್ ಉದ್ದದ ಹಲಗೆ ಒರಗಿಸಿದ್ದೇವೆ. ಎತ್ತರವನ್ನು ಹಲಗೆಯ ಉದ್ದದಿಂದ ಭಾಗಿಸಿದರೆ ಮೂರನೇ ಒಂದು. ಅದೇ ಸೈನ್ ಥೀಟಾ. ಥೀಟಾ ಅಂದರೆ ಹಲಗೆ ನೆಲದ ಜೊತೆ ಮಾಡುವ ಕೋನ. ಕೋನ ಸುಮಾರು 19.5 ಡಿಗ್ರಿ, ಕಾಸ್ ಥೀಟಾ 0.943.

ಭಾರ ಯಾವಾಗಲೂ ನೇರ ಕೆಳಕ್ಕೆ. ಅದನ್ನು ನಾವು ಎರಡು ಪಾಲು ಮಾಡುತ್ತೇವೆ. ಹಲಗೆಯ ಉದ್ದಕ್ಕೂ ಕೆಳಗೆ ಎಳೆಯುವ ಪಾಲು ಎಂಜಿ ಸೈನ್ ಥೀಟಾ. ನಮ್ಮ ಚೀಲಕ್ಕೆ 163 ನ್ಯೂಟನ್. ಹಲಗೆಯನ್ನು ಅದುಮುವ ಪಾಲು ಎಂಜಿ ಕಾಸ್ ಥೀಟಾ. ಅದು 462 ನ್ಯೂಟನ್. ಎರಡನ್ನೂ ಕೂಡಿಸಿದರೆ 490 ಬರಲ್ಲ, ಬರಬಾರದು ಕೂಡ. ಅವು ಒಂದಕ್ಕೊಂದು ಲಂಬವಾಗಿವೆ. ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 490 ಸಿಗುತ್ತದೆ.

ಲಕ್ಷಣ: ಉತ್ತರ ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರಕ್ಕೆ ಹೊಂದುತ್ತಿಲ್ಲ, ಸೈನ್ ಎಲ್ಲಿ ಕಾಸ್ ಎಲ್ಲಿ ಅನ್ನೋದೇ ಅನುಮಾನ

ನಾನು ನೋಡಿದ್ದರಲ್ಲಿ ಇದೇ ಜಾಸ್ತಿ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮೊದಲ ಪರೀಕ್ಷೆಗೆ ಪೆನ್ನೂ ಬೇಡ. ಹಲಗೆಯನ್ನು ಮನಸ್ಸಿನಲ್ಲೇ ನೆಲದ ಮೇಲೆ ಪೂರ್ತಿ ಮಲಗಿಸಿ. ಕೋನ ಸೊನ್ನೆ. ಚೀಲ ಜಾರುತ್ತದಾ? ಇಲ್ಲ. ಹಾಗಾದರೆ ಜಾರಿಸುವ ಪಾಲು ಸೊನ್ನೆ ಆಗಬೇಕು. ಸೈನ್ 0 ಅಂದರೆ 0, ಕಾಸ್ 0 ಅಂದರೆ 1. ನೀವು ಜಾರಿಸುವ ಪಾಲಿಗೆ ಕಾಸ್ ಬರೆದಿದ್ದರೆ, ಮಟ್ಟಸ ನೆಲದ ಮೇಲೆ ಇಟ್ಟ ಚೀಲ ಪೂರ್ತಿ 490 ನ್ಯೂಟನ್ ಬಲದಲ್ಲಿ ಓಡಿಹೋಗುತ್ತದೆ ಅಂತ ಬರೆದ ಹಾಗಾಯಿತು. ಈಗ ಹಲಗೆಯನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿ. 90 ಡಿಗ್ರಿ. ಚೀಲ ಹಲಗೆಯನ್ನು ಅದುಮುವುದೇ ಇಲ್ಲ, ಸುಮ್ನೆ ಬೀಳುತ್ತದೆ. ಕಾಸ್ 90 ಸೊನ್ನೆ. ಸರಿಹೋಯಿತು. ಈ ಎರಡು ಸಲದ ಯೋಚನೆಗೆ ಹತ್ತು ಸೆಕೆಂಡ್ ಸಾಕು. ಪರೀಕ್ಷೆ ಹಾಲ್‌ನಲ್ಲೂ ಮಾಡಬಹುದು.

ಎರಡನೇ ಪರೀಕ್ಷೆ: ನಿಮ್ಮ ಚಿತ್ರದಲ್ಲಿ ಇಳಿಜಾರು ಎಷ್ಟು ಕಡಿದಾಗಿದೆ ನೋಡಿ. 45 ಡಿಗ್ರಿ ಹತ್ತಿರ ಬರೆದಿದ್ದರೆ ಅಳಿಸಿ. ಅಲ್ಲಿ ಥೀಟಾವೂ 45, ಉಳಿದ ಕೋನವೂ 45, ಎರಡೂ ಕಣ್ಣಿಗೆ ಒಂದೇ. ಯಾವುದು ಎಲ್ಲಿ ಅಂತ ತಿಳಿಯೋದು ಹೇಗೆ? ಯಾವಾಗಲೂ 15 ಅಥವಾ 20 ಡಿಗ್ರಿಯ ಚಪ್ಪಟೆ ಇಳಿಜಾರು ಬರೆಯಿರಿ. ಆಗ ಸಣ್ಣ ಕೋನ ಕಂಡಲ್ಲೆಲ್ಲ ಅದು ಥೀಟಾ. ದೊಡ್ಡದು ಕಂಡರೆ ಅದು 90ರಲ್ಲಿ ಥೀಟಾ ಕಳೆದದ್ದು. ಪ್ರಶ್ನೆಯಲ್ಲಿ 60 ಡಿಗ್ರಿ ಕೊಟ್ಟಿದ್ದರೂ ಮೊದಲು ಚಪ್ಪಟೆ ಚಿತ್ರದಲ್ಲೇ ಪಾಲು ಮಾಡಿ, ಆಮೇಲೆ 60 ಹಾಕಿ.

ಇಷ್ಟಾದರೂ "ನೆಲದ ಹತ್ತಿರ ಇದ್ದ ಥೀಟಾ ಮೇಲೆ ಚೀಲದ ಹತ್ತಿರ ಹೇಗೆ ಬಂತು?" ಅನ್ನುವ ಪ್ರಶ್ನೆ ಕೆಲವರನ್ನು ಕಾಡುತ್ತದೆ. ಒಳ್ಳೆಯ ಪ್ರಶ್ನೆ. ಅದನ್ನು ಬಾಯಿಪಾಠದಿಂದ ಮುಚ್ಚಬೇಡಿ. ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ತಗೊಳ್ಳಿ. ಅದರ ಅಂಚಿಗೆ ಒಂದು ಪೆನ್ನನ್ನು ಪುಸ್ತಕಕ್ಕೆ ನೇರ ಲಂಬವಾಗಿ, ಕೆಳಗೆ ಚಾಚಿಕೊಂಡಿರುವ ಹಾಗೆ ಟೇಪ್ ಹಚ್ಚಿ ಅಂಟಿಸಿ. ಅದೇ ಜಾಗದಿಂದ ಒಂದು ದಾರಕ್ಕೆ ಬೀಗದ ಕೈ ಕಟ್ಟಿ ಇಳಿಬಿಡಿ. ಪುಸ್ತಕವನ್ನು ಗಾಳಿಯಲ್ಲಿ ಮಟ್ಟಸವಾಗಿ ಹಿಡಿದರೆ ಪೆನ್ನು, ದಾರ ಎರಡೂ ಒಂದರ ಮೇಲೊಂದು. ಈಗ ಪುಸ್ತಕವನ್ನು ನಿಧಾನ ಓರೆ ಮಾಡಿ. ಪೆನ್ನು ಪುಸ್ತಕದ ಜೊತೆ ತಿರುಗುತ್ತದೆ. ದಾರ ತಿರುಗಲ್ಲ, ಅದು ಭೂಮಿಯ ಮಾತು ಮಾತ್ರ ಕೇಳುತ್ತದೆ. ಪುಸ್ತಕ 20 ಡಿಗ್ರಿ ಓರೆಯಾದರೆ ಪೆನ್ನಿಗೂ ದಾರಕ್ಕೂ ನಡುವೆ ಬಾಯಿ ಬಿಟ್ಟ ಜಾಗವೂ 20 ಡಿಗ್ರಿ. ಅದೇ ಥೀಟಾ. ದಾರ ಅಂದರೆ ಎಂಜಿ, ಪೆನ್ನು ಅಂದರೆ ಹಲಗೆಯನ್ನು ಅದುಮುವ ದಿಕ್ಕು. ಒಂದು ಸಲ ಕೈಯಲ್ಲಿ ಹಿಡಿದು ನೋಡಿದವರು ಆಮೇಲೆ ಸೈನ್ ಕಾಸ್ ಅದಲುಬದಲು ಮಾಡಿದ್ದನ್ನು ನಾನು ನೋಡಿಲ್ಲ.

ಮೂರನೆಯದು, ಪ್ರಶ್ನೆಯನ್ನೇ ಮತ್ತೆ ಓದಿ. "ಲಂಬರೇಖೆಯೊಂದಿಗೆ 60 ಡಿಗ್ರಿ" ಅಂತ ಕೊಟ್ಟಿದ್ದರೆ ನೆಲದ ಜೊತೆ 30. ಅಲ್ಲಿಗೆ ಸೈನ್ ಕಾಸ್ ಬದಲಾಗುತ್ತವೆ. "ಸೈನ್ ಅಂದ್ರೆ ಯಾವಾಗಲೂ ಜಾರೋದು" ಅಂತ ಕಣ್ಣುಮುಚ್ಚಿ ಕಲಿತವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಲಕ್ಷಣ: ಉತ್ತರಕ್ಕೆ ಮೈನಸ್ ಬಂತು, ಅಥವಾ ವಿಚಿತ್ರ ದಶಮಾಂಶ

ಕ್ಯಾಲ್ಕುಲೇಟರ್‌ನಲ್ಲಿ ಸೈನ್ 30 ಒತ್ತಿ. 0.5 ಬರಬೇಕು. ಮೈನಸ್ 0.988 ಬಂದರೆ ಅದು ರೇಡಿಯನ್‌ನಲ್ಲಿದೆ. 0.454 ಬಂದರೆ ಗ್ರೇಡಿಯನ್‌ನಲ್ಲಿದೆ. ಡಿಗ್ರಿಗೆ ಬದಲಾಯಿಸಿ.

ಎಚ್ಚರ ಏನಂದರೆ, ಎಲ್ಲ ಕೋನಕ್ಕೂ ಮೈನಸ್ ಬರಲ್ಲ. ರೇಡಿಯನ್‌ನಲ್ಲಿ ಸೈನ್ 20 ಹಾಕಿದರೆ 0.913 ಬರುತ್ತದೆ. ನೋಡಲು ಸರಿ ಇದ್ದ ಹಾಗೇ ಇದೆ. ನಿಜವಾದದ್ದು 0.342. ಲೆಕ್ಕಕ್ಕೆ ಕೂರುವ ಮೊದಲು ಸೈನ್ 30 ಒತ್ತಿ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಲಕ್ಷಣ: ಉತ್ತರ ಸುಮಾರು ಹತ್ತು ಪಟ್ಟು ಸಣ್ಣದು, ಅಥವಾ ಚೂರೇ ಚೂರು ವ್ಯತ್ಯಾಸ

ಹತ್ತು ಪಟ್ಟು ಸಣ್ಣದಾದರೆ ದ್ರವ್ಯರಾಶಿಯನ್ನೇ ಭಾರ ಅಂತ ಹಾಕಿದ್ದೀರಿ. 50 ಕೆ.ಜಿ. ಬೇರೆ, 490 ನ್ಯೂಟನ್ ಬೇರೆ. ನೂರಕ್ಕೆ ಎರಡರಷ್ಟು ಮಾತ್ರ ವ್ಯತ್ಯಾಸ ಇದ್ದರೆ ಪುಸ್ತಕದವರು ಜಿ ಬೆಲೆ 10 ತಗೊಂಡಿರುತ್ತಾರೆ, ನೀವು 9.8 ತಗೊಂಡಿದ್ದೀರಿ. ಅದು ತಪ್ಪಲ್ಲ. ಮುಂದಕ್ಕೆ ಹೋಗಿ.

ಲಕ್ಷಣ: ಜಾರುವ ಚೀಲದ ವೇಗೋತ್ಕರ್ಷ 9.8ಕ್ಕಿಂತ ಜಾಸ್ತಿ ಬಂತು

ತನ್ನ ಭಾರದಿಂದಲೇ ಹಲಗೆ ಮೇಲೆ ಜಾರುವ ವಸ್ತು, ಮರದಿಂದ ನೇರ ಬೀಳುವ ಕಾಯಿಗಿಂತ ಜೋರಾಗಿ ಹೋಗಲು ಆಗಲ್ಲ. ಹೋದರೆ ಲೆಕ್ಕದಲ್ಲಿ ಒಂದೇ ಬಲವನ್ನು ಎರಡು ಸಲ ಎಣಿಸಲಾಗಿದೆ. ಚಿತ್ರ ನೋಡಿ. ಎಂಜಿ ಬಾಣವೂ ಇದೆ, ಎಂಜಿ ಸೈನ್ ಥೀಟಾ ಬಾಣವೂ ಇದೆ, ಎಂಜಿ ಕಾಸ್ ಥೀಟಾ ಬಾಣವೂ ಇದೆ ಅಲ್ವಾ? ನಮ್ಮ ಚೀಲಕ್ಕೆ 490ಕ್ಕೆ 163 ಸೇರಿಸಿ 50ರಿಂದ ಭಾಗಿಸಿದರೆ 13 ದಾಟುತ್ತದೆ. ಸರಿಯಾದದ್ದು, ಘರ್ಷಣೆ ಇಲ್ಲ ಅಂದುಕೊಂಡರೆ, 163ನ್ನು 50ರಿಂದ ಭಾಗಿಸಿ 3.27.

ಒಂದು ರೊಟ್ಟಿಯನ್ನು ಎರಡು ತುಂಡು ಮಾಡಿದ ಮೇಲೆ ತಟ್ಟೆಯಲ್ಲಿ ಮೂರು ರೊಟ್ಟಿ ಇಲ್ಲ. ಪಾಲು ಮಾಡಿದ ತಕ್ಷಣ ಎಂಜಿ ಬಾಣದ ಮೇಲೆ ಅಡ್ಡ ಗೆರೆ ಎಳೆಯಿರಿ. ಇದರ ಜೊತೆಗೇ ಇನ್ನೊಂದನ್ನೂ ನೋಡಿ. "ಜಾರಿಸುವ ಬಲ" ಅಂತ ಬೇರೆಯದೊಂದು ಬಾಣ ಬರೆದಿದ್ದೀರಾ? ಹಾಗೊಂದು ಬೇರೆ ಬಲ ಇಲ್ಲ. ಚೀಲವನ್ನು ಮುಟ್ಟುತ್ತಿರುವವರು ಯಾರು ಅಂತ ಕೇಳಿಕೊಳ್ಳಿ. ಹಲಗೆ ಮುಟ್ಟುತ್ತಿದೆ, ಅದು ಲಂಬವಾಗಿ ತಳ್ಳಬಹುದು, ಉದ್ದಕ್ಕೆ ಘರ್ಷಣೆ ಕೊಡಬಹುದು. ಮುಟ್ಟದೆ ಎಳೆಯುವುದು ಭೂಮಿ ಮಾತ್ರ. ತಳ್ಳುವ ಕೈ, ಹಗ್ಗ ಇದ್ದರೆ ಅವು ಸೇರಿಕೊಳ್ಳುತ್ತವೆ. ಅಷ್ಟೇ.

ಲಕ್ಷಣ: ಸುಮ್ನೆ ಇಟ್ಟ ಚೀಲ ತಾನಾಗೇ ಮೇಲಕ್ಕೆ ಏರುತ್ತಿದೆ

ಘರ್ಷಣಾ ಗುಣಾಂಕ 0.5 ಅಂತ ಕೊಟ್ಟಿದ್ದಾರೆ. ಘರ್ಷಣೆ 0.5 ಗುಣಿಸು 462, ಅಂದರೆ 231 ನ್ಯೂಟನ್. ಜಾರಿಸುವ ಪಾಲು 163. ಕಳೆದರೆ ಮೈನಸ್ 68. ವೇಗೋತ್ಕರ್ಷ ಮೇಲ್ಮುಖವಾಗಿ 1.36. ಒಬ್ಬ ಹುಡುಗ ಇದನ್ನು ಬರೆದು ಕೆಳಗೆ ನೀಟಾಗಿ ಎರಡು ಗೆರೆ ಎಳೆದು ತಂದಿದ್ದ. "ಮಗ, ಕಣದಲ್ಲಿ ಇಟ್ಟ ಚೀಲ ಹಲಗೆ ಹತ್ತಿ ಪಿಕಪ್ ಒಳಗೆ ಹೋಗಿ ಕೂತಿದ್ದನ್ನು ನೋಡಿದೀಯಾ?" ಅಂತ ಕೇಳಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಅವನೇ ರಬ್ಬರ್ ತಗೊಂಡ.

ಇಲ್ಲಿನ ದೋಷ ಒಂದು ಚಿಹ್ನೆಯದು: "ಕಡಿಮೆ ಅಥವಾ ಸಮ" ಇರಬೇಕಾದಲ್ಲಿ "ಸಮ" ಹಾಕಿದ್ದು. ಮ್ಯೂ (ಘರ್ಷಣಾ ಗುಣಾಂಕ) ಗುಣಿಸು ಎನ್ (ಹಲಗೆ ಚೀಲವನ್ನು ಲಂಬವಾಗಿ ತಳ್ಳುವ ಬಲ) ಅನ್ನೋದು ನಿಂತ ವಸ್ತುವಿನ ಮೇಲಿನ ಘರ್ಷಣೆಯ ಬೆಲೆ ಅಲ್ಲ, ಅದು ಗರಿಷ್ಠ ಮಿತಿ. ಘರ್ಷಣೆ ಬೇಕಾದಷ್ಟೇ ಕೊಡುತ್ತದೆ, ಮಿತಿ ಮುಟ್ಟಿದ ಮೇಲೆ ಕೈ ಬಿಡುತ್ತದೆ. ನಮ್ಮ ಚೀಲಕ್ಕೆ ಮಿತಿ 231. ಬೇಕಾದದ್ದು 163. ಹಾಗಾಗಿ ಘರ್ಷಣೆ 163 ಮಾತ್ರ, ಚೀಲ ನಿಂತಿದೆ.

ಈಗ ಅದೇ ಚೀಲವನ್ನು ಕೆಳಗಿನಿಂದ ಹಲಗೆಯ ಉದ್ದಕ್ಕೆ ಮೆಲ್ಲಗೆ ತಳ್ಳಿ. 100 ನ್ಯೂಟನ್ ಕೊಟ್ಟರೆ ಘರ್ಷಣೆಗೆ ಉಳಿದ ಕೆಲಸ 63, ಇನ್ನೂ ಮೇಲ್ಮುಖವಾಗಿಯೇ. 163 ಕೊಟ್ಟರೆ ಘರ್ಷಣೆ ಸೊನ್ನೆ. 200 ಕೊಟ್ಟರೆ ಘರ್ಷಣೆ ದಿಕ್ಕು ತಿರುಗಿಸಿ 37 ನ್ಯೂಟನ್ ಕೆಳಕ್ಕೆ. ಚೀಲ ಒಂದಿಂಚೂ ಅಲುಗಲಿಲ್ಲ, ಆದರೆ ಘರ್ಷಣೆ ಮೂರು ಬೇರೆ ಬೇರೆ ಬೆಲೆ ತೋರಿಸಿತು. ಇಡೀ ಪಾಠದಲ್ಲಿ ನನಗೆ ಬಹಳ ಇಷ್ಟದ ಜಾಗ ಇದು.

ಕ್ರಮ ಹೀಗಿರಲಿ. ಮೊದಲು ಘರ್ಷಣೆ ಬಿಟ್ಟು ಉಳಿದ ಬಲ ಯಾವ ಕಡೆ, ಎಷ್ಟು ಅಂತ ನೋಡಿ. ಅದನ್ನು ಮಿತಿಯ ಜೊತೆ ಹೋಲಿಸಿ. ಮಿತಿಯ ಒಳಗಿದ್ದರೆ ವಸ್ತು ನಿಂತಿದೆ, ಘರ್ಷಣೆ ಅಷ್ಟೇ. ಮಿತಿ ದಾಟಿದರೆ ಮಾತ್ರ ಜಾರುವ ಘರ್ಷಣೆಯ ಗುಣಾಂಕ ಹಾಕಿ ವೇಗೋತ್ಕರ್ಷ ಕಂಡುಹಿಡಿಯಿರಿ.

ಲಕ್ಷಣ: ಘರ್ಷಣೆ ಇರುವ ಲೆಕ್ಕ ಬರುತ್ತದೆ, ಆದರೆ ಹಗ್ಗ ಅಥವಾ ಅಡ್ಡ ತಳ್ಳುವಿಕೆ ಬಂದರೆ ತಪ್ಪುತ್ತದೆ

"ಎನ್ ಅಂದರೆ ಎಂಜಿ ಕಾಸ್ ಥೀಟಾ" ಅಂತ ಕಂಠಪಾಠ ಮಾಡಿದ್ದರ ಫಲ ಇದು. ಹಲಗೆಗೆ ಲಂಬವಾದ ದಿಕ್ಕಿನಲ್ಲಿ ಬೇರೆ ಯಾರೂ ಕೈ ಹಾಕದಿದ್ದಾಗ ಮಾತ್ರ ಅದು ನಿಜ. ಚೀಲವನ್ನು ನೆಲಕ್ಕೆ ಸಮನಾಗಿ 100 ನ್ಯೂಟನ್‌ನಿಂದ ತಳ್ಳಿದರೆ ಆ ತಳ್ಳುವಿಕೆಯ ಒಂದು ಪಾಲು ಚೀಲವನ್ನು ಹಲಗೆಗೇ ಒತ್ತುತ್ತದೆ. ಎನ್ 462ರಿಂದ 495ಕ್ಕೆ ಏರುತ್ತದೆ. ಮೇಲಕ್ಕೆ ಸಿಗುವುದು 94 ಮಾತ್ರ. ಅದೇ 100 ನ್ಯೂಟನ್ನನ್ನು ಹಗ್ಗ ಕಟ್ಟಿ, ಹಲಗೆಗಿಂತ 30 ಡಿಗ್ರಿ ಮೇಲಕ್ಕೆ ಎಳೆದರೆ ಎನ್ 412ಕ್ಕೆ ಇಳಿಯುತ್ತದೆ, ಘರ್ಷಣೆಯ ಮಿತಿಯೂ ಇಳಿಯುತ್ತದೆ. ಪ್ರತಿ ಸಲ ಲಂಬ ದಿಕ್ಕಿನ ಬಲಗಳನ್ನು ಹೊಸದಾಗಿ ಬರೆದು ಕೂಡಿಸಿ. ಅರ್ಧ ನಿಮಿಷದ ಕೆಲಸ.

ಲಕ್ಷಣ: ಹಲಗೆ ಹಾಕಿದ ಮೇಲೆ ಚೀಲ ಏರಿಸುವುದು ಇನ್ನೂ ಕಷ್ಟವಾಯಿತು

ಇದು ಪುಸ್ತಕದಲ್ಲಿ ಅಲ್ಲ, ತೋಟದಲ್ಲಿ ಕಂಡ ಲಕ್ಷಣ. ಜನವರಿಯ ಒಂದು ಬೆಳಿಗ್ಗೆ, ಮಂಜು ಇನ್ನೂ ಬಿಟ್ಟಿರಲಿಲ್ಲ. ಕಣದ ಪಕ್ಕ ನಿಂತಿದ್ದ ಪಿಕಪ್‌ಗೆ ಇಬ್ಬರು ಹುಡುಗರು ಚೀಲ ಏರಿಸುತ್ತಿದ್ದರು. ಕೈಗೆ ಸಿಕ್ಕ ಗಿಡ್ಡ ಹಲಗೆ ಒರಗಿಸಿ, ಚೀಲವನ್ನು ಅದರ ಮೇಲೆ ತಳ್ಳುತ್ತಿದ್ದರು. ಗೋಣಿಯ ನಾರು ಮರಕ್ಕೆ ಕಚ್ಚಿ ಕರಕರ ಅನ್ನುತ್ತಿತ್ತು. ಅರ್ಧ ಏರಿದ ಚೀಲ ಅಲ್ಲೇ ನಿಂತಿತು, ಹುಡುಗರ ಮೊಣಕೈ ನಡುಗುತ್ತಿತ್ತು. ಆ ಕಡೆಯಿಂದ ಬಂದ ಹಿರಿಯರೊಬ್ಬರು ನೋಡಿ, "ಇದು ಬೇಡ ಮಾರಾಯ, ಉದ್ದದ್ದು ತಗೊಂಡು ಬಾ" ಅಂದರು. ಉದ್ದದ ಹಲಗೆ ಬಂದ ಮೇಲೆ ಕೆಲಸ ಸಲೀಸಾಗಿ ಸಾಗಿತು.

ಮನೆಗೆ ಬಂದು ಲೆಕ್ಕ ಹಾಕಿದೆ. ಅದೇ 0.8 ಮೀಟರ್ ಎತ್ತರಕ್ಕೆ 1.2 ಮೀಟರ್ ಹಲಗೆ ಹಾಕಿದರೆ ಸೈನ್ ಥೀಟಾ ಮೂರನೇ ಎರಡು, ಕೋನ ಸುಮಾರು 42 ಡಿಗ್ರಿ. ಕೆಳಗೆ ಎಳೆಯುವ ಪಾಲು 327. ಎನ್ 365, ಗುಣಾಂಕ 0.5 ಅಂದುಕೊಂಡರೆ ಘರ್ಷಣೆ 183. ತಳ್ಳುವಾಗ ಘರ್ಷಣೆಯೂ ಕೆಳಕ್ಕೇ ಎಳೆಯುತ್ತದೆ, ಹಾಗಾಗಿ ಒಟ್ಟು 510ರ ಹತ್ತಿರ ಬೇಕು. ನೇರ ಎತ್ತಿದ್ದರೆ 490 ಸಾಕಿತ್ತು! 2.4 ಮೀಟರ್ ಹಲಗೆಗೆ 163 ಮತ್ತು 231 ಸೇರಿ 394. ಹಿರಿಯರು ಕಣ್ಣಳತೆಯಲ್ಲೇ ಇದನ್ನು ಹೇಳಿದ್ದರು. ಸಮುದ್ರ ಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದ ಮಡಿಕೇರಿಗೆ ಸಂಪಾಜೆ ಕಡೆಯಿಂದ ಬರುವ ರಸ್ತೆ ಯಾಕೆ ಅಷ್ಟು ತಿರುವು ತಿರುವಾಗಿದೆ ಅಂತ ಕೇಳಿದರೆ ಉತ್ತರ ಇದೇ. ಅದು ಉದ್ದದ ಹಲಗೆ.

ಚೀಲ ಏರಿಸುವಾಗ ಹಲಗೆಯ ಬುಡ ಹಿಂದಕ್ಕೆ ಜಾರದ ಹಾಗೆ ಕಲ್ಲು ಕೊಡಿ. ಚೀಲದ ನೇರ ಕೆಳಗೆ ನಿಲ್ಲಬೇಡಿ, ಪಕ್ಕದಿಂದ ತಳ್ಳಿ. ಹಲಗೆ ಇಬ್ಬನಿಗೆ ಒದ್ದೆಯಾಗಿದ್ದರೆ ಒರೆಸಿ ಶುರು ಮಾಡಿ.

ಲಕ್ಷಣ: ಪ್ರಯೋಗದ ಅಳತೆ ಸೂತ್ರಕ್ಕೆ ಹೊಂದುತ್ತಿಲ್ಲ

ಗೋಲಿ ಉರುಳಿಸುವ ಪ್ರಯೋಗದಲ್ಲಿ ಇದು ಗ್ಯಾರಂಟಿ. 2 ಮೀಟರ್ ಹಲಗೆಯ ಒಂದು ತುದಿಯನ್ನು 35 ಸೆಂಟಿಮೀಟರ್ ಎತ್ತಿದರೆ 10 ಡಿಗ್ರಿ. ಜಿ ಸೈನ್ ಥೀಟಾ 1.70. ಆ ಪ್ರಕಾರ ಗೋಲಿ 1.53 ಸೆಕೆಂಡಿಗೆ ಕೆಳಗೆ ಬರಬೇಕು. ನಿಮಗೆ 1.8 ಬರುತ್ತದೆ. ಗಾಬರಿ ಬೇಡ, ಕೈ ತಪ್ಪಿಲ್ಲ. ಸೂತ್ರ ಜಾರುವ ವಸ್ತುವಿಗೆ, ಗೋಲಿ ಉರುಳುತ್ತಿದೆ. ಅದು ಇಳಿಯುವುದರ ಜೊತೆಗೆ ತನ್ನ ಸುತ್ತ ತಿರುಗಲೂ ಬೇಕು. ಗಟ್ಟಿ ಗೋಲಿಗೆ ವೇಗೋತ್ಕರ್ಷ ಜಿ ಸೈನ್ ಥೀಟಾದ ಏಳನೇ ಐದು ಪಾಲು ಮಾತ್ರ. ಅದನ್ನು ಹಾಕಿದರೆ 1.81 ಸೆಕೆಂಡ್ ಬರುತ್ತದೆ. ತೆಳು ಉಂಗುರಕ್ಕೆ ಅರ್ಧ ಮಾತ್ರ. ಒಂದು ಬಳೆಯನ್ನೂ ಒಂದು ಗೋಲಿಯನ್ನೂ ಒಟ್ಟಿಗೆ ಬಿಟ್ಟು ನೋಡಿ, ಗೋಲಿ ಮುಂದೆ ಬರುತ್ತದೆ. ಗೆಲಿಲಿಯೋ ಕೂಡ ಮರದ ತೊಲೆಯಲ್ಲಿ ತೋಡು ಕೊರೆದು ಕಂಚಿನ ಗುಂಡು ಉರುಳಿಸಿಯೇ ವೇಗೋತ್ಕರ್ಷ ಅಳೆದ. ಸ್ಟಾಪ್‌ವಾಚ್ ಇರಲಿಲ್ಲ, ಪಾತ್ರೆಯಿಂದ ಸಣ್ಣ ಧಾರೆಯಾಗಿ ಸುರಿದ ನೀರನ್ನು ತೂಗಿ ಸಮಯ ತಿಳಿದ. 1638ರಲ್ಲಿ ಅದನ್ನು ಅಚ್ಚು ಹಾಕಿಸಿದ. ನಮಗೆ ಫೋನ್ ಇದೆ. ಆದರೂ ಬೆರಳು ತಡವಾಗುತ್ತದೆ, ಐದು ಸಲ ಮಾಡಿ ಸರಾಸರಿ ತಗೊಳ್ಳಿ.

ಡಬ್ಬಿ ಜಾರಿಸಿ ಗುಣಾಂಕ ಅಳೆಯುವ ಪ್ರಯೋಗದಲ್ಲಿ ಬೇರೆ ದೋಷ ಬರುತ್ತದೆ. ಹಲಗೆಯನ್ನು ನಿಧಾನ ಎತ್ತುತ್ತಾ ಹೋಗಿ, ಡಬ್ಬಿ ಜಾರಲು ಶುರುವಾದ ಕೋನದ ಟ್ಯಾನ್ ಬೆಲೆಯೇ ಗುಣಾಂಕ. ಟ್ಯಾನ್‌ಗೆ ಎತ್ತರವನ್ನು ನೆಲದ ಮೇಲಿನ ದೂರದಿಂದ ಭಾಗಿಸಬೇಕು, ಹಲಗೆಯ ಉದ್ದದಿಂದ ಅಲ್ಲ. ಹಲಗೆ ಉದ್ದ ಹಾಕಿದರೆ ಸೈನ್ ಬರುತ್ತದೆ, 20 ಡಿಗ್ರಿಗೆ 0.364 ಬದಲು 0.342. ಫೋನಿನಲ್ಲಿ ಕೋನ ಅಳೆಯುವವರು ಮೊದಲು ಮೇಜಿನ ಮೇಲಿಟ್ಟು ನೋಡಿ, ಫೋನನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿ. ಎರಡು ಸಲವೂ ಮೇಜಿನ ಒಂದೇ ಕಡೆಗೆ ಓರೆ ತೋರಿಸಿದರೆ ಮೇಜು ಓರೆ. ಫೋನ್ ಜೊತೆಗೇ ಓರೆಯ ದಿಕ್ಕೂ ತಿರುಗಿದರೆ ಫೋನ್ ಓರೆ.

ಈಗ ಡಬ್ಬಿಗೆ ಅಕ್ಕಿ ತುಂಬಿ ಮತ್ತೆ ಮಾಡಿ. ಕೋನ ಹೆಚ್ಚುಕಡಿಮೆ ಅದೇ ಬರುತ್ತದೆ. ಭಾರ ಹೆಚ್ಚಾದರೆ ಎಳೆಯುವ ಪಾಲೂ ಹೆಚ್ಚುತ್ತದೆ, ಅದುಮುವ ಪಾಲೂ ಅಷ್ಟೇ ಹೆಚ್ಚುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕೋನ ದೊಡ್ಡದಾಗಿ ಬದಲಾದರೆ ಹಲಗೆಯ ಮೇಲ್ಮೈ ನೋಡಿ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಮರ ತೇವ ಹೀರಿಕೊಂಡಿರುತ್ತದೆ. ಬಿಸಿಲಲ್ಲಿ ಒಣಗಿಸಿ ಮತ್ತೆ ಅಳೆಯಿರಿ. ಹಲಗೆಯ ಕೊನೆಯಲ್ಲಿ ಒಂದು ಮಡಿಸಿದ ಗೋಣಿ ಇಡಿ, ಕಾಲ ಮೇಲೆ ಬೀಳದ ಹಾಗೆ.

ಲಕ್ಷಣ: ರಸ್ತೆಯ ಬೋರ್ಡ್ ನೋಡಿ ಹಾಕಿದ ಕೋನ ನಂಬಲಾಗದಷ್ಟು ಕಡಿದು

ರಸ್ತೆಯಲ್ಲಿ ಶೇಕಡಾ 10 ಅಂದರೆ 10 ಡಿಗ್ರಿ ಅಲ್ಲ. 10 ಮೀಟರ್ ಮುಂದೆ ಹೋದರೆ 1 ಮೀಟರ್ ಏರು ಅಂತ. ಅದು 5.7 ಡಿಗ್ರಿ. ಶೇಕಡಾ 100 ಅಂದರೆ 45 ಡಿಗ್ರಿ.

ಎಲ್ಲಿ ನಿಲ್ಲಿಸಿ ಕೇಳಬೇಕು

ಸೊನ್ನೆ ಮತ್ತು 90ರ ಪರೀಕ್ಷೆ, ಸೈನ್ 30, ಚಿತ್ರದ ಬಾಣಗಳು, ಘರ್ಷಣೆಯ ಮಿತಿ. ಇಷ್ಟನ್ನೂ ನೋಡಿ ಆದ ಮೇಲೂ ಬರದಿದ್ದರೆ ಅದೇ ಲೆಕ್ಕವನ್ನು ನಾಲ್ಕನೇ ಸಲ ಮಾಡಬೇಡಿ. ಪುಸ್ತಕದ ಉತ್ತರವೇ ತಪ್ಪಿರಬಹುದು. ಅಥವಾ ರಾಟೆ, ಎರಡು ವಸ್ತು, ಚಲಿಸುವ ಇಳಿಜಾರು ಇರುವ ಲೆಕ್ಕ ಆಗಿರಬಹುದು, ಅದಕ್ಕೆ ಇನ್ನೊಂದು ಸಮೀಕರಣ ಬೇಕು. ನಿಮ್ಮ ಮೇಷ್ಟ್ರ ಹತ್ತಿರ ಹೋಗಿ. ಹೋಗುವಾಗ ಬರೀ ಉತ್ತರ ತಗೊಂಡು ಹೋಗಬೇಡಿ, ಚಿತ್ರ ತಗೊಂಡು ಹೋಗಿ. ಹೆಚ್ಚಿನ ತಪ್ಪು ಅಲ್ಲೇ ಕಾಣುತ್ತದೆ.

ಒಂದು ಕೇಳಿಕೆ. ಈ ಪಾಠವನ್ನು ಗಾಡಿ ಇಟ್ಟುಕೊಂಡು ಪರೀಕ್ಷೆ ಮಾಡಬೇಡಿ. ಹ್ಯಾಂಡ್‌ಬ್ರೇಕ್ ಎಷ್ಟು ಹಿಡಿಯುತ್ತದೆ ಅಂತ ಇಳಿಜಾರಿನಲ್ಲಿ ನೋಡುವ ಹುಡುಗರಿದ್ದಾರೆ. 1,500 ಕೆ.ಜಿ. ಜೀಪನ್ನು 10 ಡಿಗ್ರಿಯಲ್ಲಿ ಕೆಳಗೆ ಎಳೆಯುವ ಬಲ 2,500 ನ್ಯೂಟನ್ ದಾಟುತ್ತದೆ. ಕೈಯಿಂದ ತಡೆಯುವ ಬಲ ಅದಲ್ಲ. ಇಳಿಜಾರಿನಲ್ಲಿ ನಿಲ್ಲಿಸಲೇಬೇಕಾದರೆ ಹ್ಯಾಂಡ್‌ಬ್ರೇಕ್ ಎಳೆಯಿರಿ. ಮೂತಿ ಏರಿನ ಕಡೆ ಇದ್ದರೆ ಮೊದಲ ಗೇರ್, ಇಳಿತದ ಕಡೆ ಇದ್ದರೆ ರಿವರ್ಸ್ ಗೇರ್. ಚಕ್ರಕ್ಕೆ ಕಲ್ಲು ಕೊಡಿ. ಆ ಕಲ್ಲು ತೆಗೆಯುವಾಗಲೂ ಗಾಡಿ ಉರುಳುವ ದಾರಿಯಲ್ಲಿ ನಿಲ್ಲಬೇಡಿ.

ಲಕ್ಷಣ: ಗುಡ್ಡ ಇಷ್ಟು ವರ್ಷ ನಿಂತಿತ್ತು, ಮಳೆಗೆ ಯಾಕೆ ಜಾರಿತು?

2018ರ ಆಗಸ್ಟ್ ಕಂಡ ಮಕ್ಕಳು ಈ ಪ್ರಶ್ನೆ ಕೇಳದೇ ಇರಲ್ಲ. ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಇಳಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಆಯಿತು. "ನೀರು ಕುಡಿದು ಮಣ್ಣು ಭಾರ ಆಯ್ತು, ಅದಕ್ಕೆ ಜಾರ್ತು" ಅನ್ನುವ ಉತ್ತರ ಎಲ್ಲರ ಬಾಯಲ್ಲೂ ಇದೆ. ಆದರೆ ಅಕ್ಕಿ ಡಬ್ಬಿ ನೆನಪಿದೆ ಅಲ್ವಾ? ಬರೀ ಭಾರ ಹೆಚ್ಚಿದರೆ ಎರಡು ಪಾಲೂ ಒಟ್ಟಿಗೆ ಹೆಚ್ಚುತ್ತವೆ. ಹಾಗಾಗಿ ಉತ್ತರ ಅಷ್ಟಕ್ಕೇ ಮುಗಿಯಲ್ಲ.

ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿ ನೀರು ತುಂಬಿದಾಗ ಅದು ಕಣಗಳನ್ನು ಒಂದರಿಂದ ಒಂದು ದೂರ ತಳ್ಳುತ್ತದೆ. ಕಣ ಕಣವನ್ನು ಅದುಮುವ ಬಲ, ಅಂದರೆ ನಮ್ಮ ಎನ್, ಕಡಿಮೆ ಆಗುತ್ತದೆ. ಎನ್ ಇಳಿದರೆ ಘರ್ಷಣೆಯ ಮಿತಿ ಇಳಿಯುತ್ತದೆ. ಕೆಳಗೆ ಎಳೆಯುವ ಪಾಲು ಮಾತ್ರ ಇಳಿಯಲ್ಲ. ಇದರ ಮೇಲೆ ಮನೆಗೋ ರಸ್ತೆಗೋ ಗುಡ್ಡದ ಬುಡ ಕಡಿದು ನೆಟ್ಟಗೆ ಮಾಡಿದ್ದರೆ ಅಲ್ಲಿ ಕೋನವೂ ಏರಿತು, ಕೆಳಗಿನ ಆಸರೆಯೂ ಹೋಯಿತು. ನಿಜವಾದ ಗುಡ್ಡದಲ್ಲಿ ಮಣ್ಣಿನ ಅಂಟು, ಬೇರಿನ ಹಿಡಿತ, ಒಳಗಿನ ಬಂಡೆಯ ಪದರ ಎಲ್ಲ ಸೇರುತ್ತವೆ. ನಮ್ಮ ಎರಡು ಸಾಲಿನ ಸೂತ್ರ ದಾರಿ ತೋರಿಸುತ್ತದೆ, ತೀರ್ಪು ಕೊಡಲ್ಲ. ಮನೆ ಹಿಂದಿನ ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಕೋನ ಅಳೆದು "ಇದು ಸೇಫ್" ಅಂತ ಯಾರಿಗೂ ಹೇಳಬೇಡಿ.

ಅಲ್ಲಿ ನೋಡಬೇಕಾದ ಲಕ್ಷಣಗಳು ಬೇರೆ. ಅಂಗಳದಲ್ಲಿ ಅಥವಾ ಗುಡ್ಡದ ಮೇಲ್ಭಾಗದಲ್ಲಿ ಹೊಸ ಬಿರುಕು. ನೆಟ್ಟಗಿದ್ದ ಮರ, ಕರೆಂಟ್ ಕಂಬ ವಾಲಿಕೊಂಡಿರುವುದು. ತಿಳಿಯಾಗಿ ಹರಿಯುತ್ತಿದ್ದ ಒರತೆ ಇದ್ದಕ್ಕಿದ್ದ ಹಾಗೆ ಕೆಂಪಗಾಗುವುದು, ಅಥವಾ ಹೊಸ ಜಾಗದಲ್ಲಿ ನೀರು ಚಿಮ್ಮುವುದು. ಬಾಗಿಲು, ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾಗುವುದು. ಇವುಗಳಲ್ಲಿ ಒಂದು ಕಂಡರೂ ಬಿರುಕಿನ ಅಗಲ ಅಳೆಯುತ್ತಾ, ಫೋಟೋ ತೆಗೆಯುತ್ತಾ ನಿಲ್ಲಬೇಡಿ. ಮನೆಯವರನ್ನು, ಪಕ್ಕದವರನ್ನು, ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಇರುವವರನ್ನು ಎಬ್ಬಿಸಿ. ಗುಡ್ಡದ ದಾರಿ ಬಿಟ್ಟು ಪಕ್ಕಕ್ಕೆ ಸರಿದು, ತೋಡಿನಿಂದ (ಹಳ್ಳದಿಂದ) ದೂರದ ಗಟ್ಟಿ ಜಾಗಕ್ಕೆ ಹೋಗಿ. ಅಲ್ಲಿಂದ 112ಕ್ಕೆ ಕರೆ ಮಾಡಿ, ಪಂಚಾಯಿತಿಗೂ ತಿಳಿಸಿ. ಬಿಟ್ಟು ಬಂದ ಸಾಮಾನು ತರಲು ಅದೇ ರಾತ್ರಿ ವಾಪಸ್ ಹೋಗಬೇಡಿ.